ನೀಲಗಂಗವ್ವನ ಎರಡು ಭಾಗ

ಮಧ್ಯಾಹ್ನ ಹನ್ನೆರಡು ಹೊಡೆಯುತ್ತಿದ್ದಂತೆ ನೀಲಗಂಗವ್ವನ ಕೈಯಲ್ಲಿ ಲಾಳಿ ನಿಂತುಬಿಡುತ್ತಿತ್ತು. ಎಡಗಡೆಯಿಂದ ಹೊರಟದ್ದು ಬಲಗಡೆ ಮುಟ್ಟಿರಲಿ ಬಿಡಲಿ, ನಿಂತರೆ ನಿಂತಿತು. ಅವಳು ಕುಣಿಮಗ್ಗದೊಳಗೆ ಇಳಿಬಿಟ್ಟ ತನ್ನ ಕಾಲುಗಳನ್ನು ನೋಡಿಕೊಳ್ಳುತ್ತಿದ್ದಳು. ಮುಂದೆ ಬಿಗಿದ ನೂಲನ್ನು ನೋಡುತ್ತಿದ್ದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಕಸ್ತೂರಿ, ನನ್ನ ಇದರಾಗಿಂದ ಎಬ್ಬಸವಾ, ಕಾಲು ಜೋಮು ಹಿಡದಾವು" ಎನ್ನುತ್ತಿದ್ದಳು.

ಕಸ್ತೂರಿ ಒಲೆಯ ಮುಂದಿನಿಂದ ಎದ್ದು ಬಂದು ತೋಳು ಹಿಡಿದು ಎಬ್ಬಿಸುತ್ತಿದ್ದಳು. ಒಂದು ನಿಮಿಷದ ಹಿಂದೆ ಸೆರಗಿನ ತೆನೆಯಾಕಾರದ ಚಿತ್ತಾರವನ್ನು ಲೆಕ್ಕವಿಲ್ಲದೆ, ಬರೀ ಬೆರಳಿನ ಅಂದಾಜಿನಲ್ಲಿ ನೇಯುತ್ತಿದ್ದ ತಾಯಿ, ಈಗ ಅದೇ ಮಗ್ಗವನ್ನು ಪಕ್ಕದ ಮನೆಯವರ ಸಾಮಾನು ನೋಡುವ ಹಾಗೆ ನೋಡುತ್ತಿದ್ದಳು.

ಹತ್ತು ವರ್ಷದಿಂದ ದಿನವೂ ಇದೇ.

ಹತ್ತು ವರ್ಷದ ಹಿಂದೆ ಇಳಕಲ್ಲಿಗೆ ಮರೆವಿನ ಜ್ವರ ಬಂದಿತ್ತು. ಮಕ್ಕಳಲ್ಲಿ ಬಹಳ ಜನ ಉಳಿಯಲಿಲ್ಲ. ದೊಡ್ಡವರು ಉಳಿದರು; ಆದರೆ ಕಂಡದ್ದು ಕೇಳಿದ್ದು ತಲೆಯಲ್ಲಿ ನಿಲ್ಲುವ ಜಾಗ ಸುಟ್ಟುಹೋಗಿತ್ತು. ಅಂಥವರ ಕಿವಿಯ ಹಿಂದೆ ವೈದ್ಯರು ಹುಣಸೆ ಬೀಜದಷ್ಟು ದೊಡ್ಡ ಒಂದು ಗುಂಡಿ, ನೆನಪಿಡುವ ಯಂತ್ರ, ಕೂರಿಸಿದರು. ಜ್ವರ ತಿಂದು ಉಳಿಸಿದ ಹಳೆಯ ನೆನಪನ್ನು ಹೆಕ್ಕಿ ಅದರ ಮೊದಲ ಭಾಗದಲ್ಲಿ ತುಂಬಿದರು. ಹೊಸ ನೆನಪಿಗೆಂದು ಎರಡನೆಯ ಭಾಗ ಮಾಡಿದರು. ಹೊಸದು ಕೆಟ್ಟರೂ ಹಳೆಯದು ಕೆಡಬಾರದೆಂದು ನಡುವೆ ಗೋಡೆ ಇಟ್ಟರು. ಗುಂಡಿಯ ಶಕ್ತಿ ಸಣ್ಣದು, ಒಂದು ಹೊತ್ತಿಗೆ ಒಂದೇ ಭಾಗ ತೆರೆಯುತ್ತದೆ. ಬೆಳಿಗ್ಗೆ ನಿದ್ದೆಯಿಂದ ಎದ್ದಾಗ ಮೊದಲನೆಯದು. ಹನ್ನೆರಡಕ್ಕೆ ಅದು ಮುಚ್ಚಿ ಎರಡನೆಯದು. ಕೈಕಸುಬು ಹಳೆಯ ಭಾಗದಲ್ಲಿ ಇರುವುದರಿಂದ ನೇಕಾರರಿಗೆ ಬೆಳಗಿನ ಹೊತ್ತು ಅದನ್ನೇ ಕೊಟ್ಟಿದ್ದರು.

ಹೀಗಾಗಿ ಬೆಳಗಿನ ನೀಲಗಂಗವ್ವನಿಗೆ ಎಲ್ಲವೂ ಗೊತ್ತಿತ್ತು, ಜ್ವರ ಬಂದ ಸಂಜೆಯವರೆಗೆ. ಅವಳಿಗೆ ದಿನವೂ ಆ ಸಂಜೆಯ ಮರುದಿನದ ಬೆಳಗು.

"ದಾಕ್ಷಿ ಎದ್ದಾಳೇನ? ನಿನ್ನೆ ತಲಿ ನೋಯ್ತೈತಿ ಅಂದಿದ್ಲಲ್ಲ."

"ಆರಾಮ ಆಗೇತವ್ವಾ. ಸಾಲಿಗೆ ಹೋಗ್ಯಾಳ."

"ಇಷ್ಟ ಲಗೂ?"

"ಪರೇಡ್ ಐತಂತ."

"ಸುಮ್ಮನ ಬೈದ್ನಿ ನಿನ್ನೆ, ಪಾಪ. ಬರ್ಲಿ ಸಂಜೀಕ, ಶೇಂಗಾ ಉಂಡಿ ಮಾಡಿ ಕೊಡತೀನಿ. ನೀ ಯಾಕ ಹಿಂಗ ಸೊರಗೀದಿ?"

"ನನಗೂ ಸ್ವಲ್ಪ ಜ್ವರ ಬಂದಿತ್ತಲ್ಲ."

ಇಷ್ಟು ಮಾತು ಮುಗಿಸಲು ಬೆಳಗಿನ ಆರು ಹತ್ತರಿಂದ ಆರು ಹನ್ನೆರಡು. ಕಸ್ತೂರಿ ಇದನ್ನು ಹೇಳುವಾಗ ಹಾಲಿನ ಪಾತ್ರೆ ತೊಳೆಯುತ್ತಲೋ ಕಸ ಗುಡಿಸುತ್ತಲೋ ಇರುತ್ತಿದ್ದಳು. ಮೊದಮೊದಲು ಪ್ರತಿ ಮಾತನ್ನೂ ಹುಡುಕಿ ಹೇಳುತ್ತಿದ್ದಳು. ಈಗ ಅದು ಕದ ತೆರೆಯುವಾಗ ಬರುವ ಕಿರುಗುಟ್ಟುವ ಸದ್ದಿನ ಹಾಗೆ, ತನ್ನಷ್ಟಕ್ಕೆ ಬಂದು ಹೋಗುತ್ತಿತ್ತು. ಬೆಳಗಿನವಳಿಗೆ ತನ್ನ ವಯಸ್ಸು ಕಾಣದಿರಲೆಂದು ಹಿಂದಿನ ರಾತ್ರಿ ಗೋಡೆಯ ಕನ್ನಡಿ ಇಳಿಸಿ ಗೋಣಿಯ ಹಿಂದೆ ಇಡುವುದು, ಮಧ್ಯಾಹ್ನ ಮತ್ತೆ ತೂಗುಹಾಕುವುದು, ಅದೂ ಹಾಗೆಯೇ.

ನಿಜ ಹೇಳಿ ನೋಡಿರಲಿಲ್ಲವೆಂದಲ್ಲ. ಮೊದಲ ನಾಲ್ಕು ಬೆಳಗು ಹೇಳಿದ್ದಳು. ನಾಲ್ಕು ಬೆಳಗೂ ತಾಯಿ ಆಗಷ್ಟೇ ಮಗು ಸತ್ತವಳ ಹಾಗೆ ನೆಲಕ್ಕೆ ತಲೆ ಚಚ್ಚಿಕೊಂಡಿದ್ದಳು. ಐದನೆಯ ದಿನ ಹದಿನೇಳರ ಕಸ್ತೂರಿಯ ಬಾಯಿಂದ "ಸಾಲಿಗೆ ಹೋಗ್ಯಾಳ" ಅಂತ ಬಂತು. ಅವಳು ತಾನೇ ಶಾಲೆ ಬಿಟ್ಟದ್ದೂ ಅದೇ ವಾರ.

ಸಂಜೆಯ ನೀಲಗಂಗವ್ವ ಬೇರೆ. ದಾಕ್ಷಿ ಎನ್ನುವ ಒಂಬತ್ತು ವರ್ಷದ ಮಗಳೊಬ್ಬಳಿದ್ದಳು, ಜ್ವರದಲ್ಲಿ ಹೋದಳು ಎಂದು ಅವಳಿಗೆ ಗೊತ್ತಿತ್ತು. ಯಾರೋ ಹೇಳಿ ಗೊತ್ತಿತ್ತು. ಫೋಟೋ ಹಿಡಿದು ನೋಡುತ್ತಿದ್ದಳು. "ಮೂಗು ನನ್ನಂಗ ಐತಿ ನೋಡ" ಎನ್ನುತ್ತಿದ್ದಳು. ಆದರೆ ಆ ಮಗುವಿನ ಒಂದು ಮಾತೂ, ಒಂದು ನಗೆಯೂ ಅವಳ ಬಳಿ ಇರಲಿಲ್ಲ. ಬೆಳಗಿನವಳಿಗೆ ಮಗು ಇತ್ತು, ಸಾವಿರಲಿಲ್ಲ. ಸಂಜೆಯವಳಿಗೆ ಸಾವಿತ್ತು, ಮಗುವಿರಲಿಲ್ಲ. ಅಳಬೇಕೆಂದರೆ ಎರಡೂ ಬೇಕು. ಆ ಮನೆಯಲ್ಲಿ ಎರಡೂ ಇದ್ದವಳು ಕಸ್ತೂರಿ ಒಬ್ಬಳೇ. ಅವಳು ಅಳುವುದನ್ನು ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಈ ವರ್ಷ ದೀಪಾವಳಿ ಕಳೆದ ಮೇಲೆ ಸಂಜೆಯವಳು ತಡವರಿಸತೊಡಗಿದಳು. ಉಂಡು ಕೈ ತೊಳೆದು ಬಂದು "ಊಟಕ್ಕ ಏನ ಮಾಡೀದಿ?" ಎಂದಳು. ಎರಡನೆಯ ಭಾಗ ತುಂಬಿತ್ತು.

*

ಬಾಗಲಕೋಟೆಯ ನೆನಪಿನ ಕೇಂದ್ರದಲ್ಲಿ ಗುಂಡಿಗಳನ್ನು ನೋಡಿಕೊಳ್ಳುವವಳು ಮುನೀರಾ ನದಾಫ್. ನಲವತ್ತರ ಹೆಂಗಸು, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿಕೊಂಡಿದ್ದಳು. ನೀಲಗಂಗವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಕಸ್ತೂರಿಯನ್ನು ಒಳಗೆ ಕರೆದು, ಪರದೆಯ ಮೇಲೆ ಒಂದು ಉದ್ದ ಪಟ್ಟಿ ತೋರಿಸಿದಳು. ಪಟ್ಟಿಯ ಎಡ ಅರ್ಧದಲ್ಲಿ ಕಾಲು ಭಾಗ ನೀಲಿ, ಮುಕ್ಕಾಲು ಖಾಲಿ ಬಿಳಿ. ನಡುವೆ ಕಪ್ಪು ಗೆರೆ. ಆಚೆ ಪೂರ್ತಿ ಕೆಂಪು.

"ಗುಂಡಿ ಒಳಗ ಓಡೂದು ಲಿನಕ್ಸ್ ನೋಡ್ರಿ, ಕಂಪ್ಯೂಟರಿನಾಗ ಇದ್ದಂಗ. ಒಂದ ಡಿಸ್ಕು, ಎರಡು ಪಾರ್ಟಿಷನ್, ಅಂದ್ರ ಎರಡು ಭಾಗ. ಈ ಕೆಂಪಂದು ತುಂಬೇತಿ. ನೀಲಿದರಾಗ ಜಾಗ ಖಾಲಿ ಬಿದ್ದೈತಿ. ಗುಂಡಿ ಮಾಡವ್ರು ಅಂಗಡಿ ಮುಚ್ಚಿ ನಾಕ ವರ್ಷ ಆತು, ಹೊಸಾದು ಸಿಗೂದಿಲ್ಲ. ಇದ್ದದ್ದನ್ನ ಕೂಡಸಬೇಕು."

"ನಡುವಿನ ಗ್ವಾಡಿ ತಗದ್ರ ಆತಲ್ರಿ?"

"ಹಂಗ ತಗದ್ರ ಸಂಜೀಕಿಂದು ಅಷ್ಟೂ ಹೋತು. ಮೊದಲ ಅದನ್ನ ಹೊರಗಿನ ಡಿಸ್ಕಿಗೆ ಕಾಪಿ ಮಾಡಬೇಕು. ಬರೋಬ್ಬರಿ ಬಂತಿಲ್ಲೋ ತಾಳೆ ನೋಡಬೇಕು. ಆಮ್ಯಾಲ ಎರಡನೇದು ಅಳಿಸಿ, ಮೊದಲನೇದರ ಅಂಚು ಅಲ್ಲೀತನಕ ಎಳದು, ಕಾಪಿ ಮಾಡಿದ್ದು ತಿರುಗಿ ತುಂಬಬೇಕು. ತೆರದಿದ್ದ ಪಾರ್ಟಿಷನ್ ಮುಟ್ಟಾಕ ಬರೂದಿಲ್ಲ. ಅದಕ್ಕ ಅವ್ವಾರನ್ನ ಮಲಗಿಸಿ ಹೊರಗಿನ ಯಂತ್ರದಿಂದ ನಡಸ್ತೀನಿ. ಒಂದಾದ ಮ್ಯಾಲ ಹನ್ನೆರಡರ ಕಾಟ ಇಲ್ಲ. ದಿನಾ ಪೂರ್ತಿ ಒಬ್ಬಾಕಿನ."

ಕಸ್ತೂರಿ ತಲೆಯಾಡಿಸಿದಳು. ಮುನೀರಾ ನೀಲಿ ಭಾಗದ ತುದಿಗೆ ಬೆರಳಿಟ್ಟಳು. ಅಲ್ಲಿ ಸಣ್ಣದೊಂದು ಬೂದು ಚೌಕವಿತ್ತು.

"ಇದೊಂದು ಐತಿ. ಮೊದಲನೇ ಭಾಗ ಓದಾಕಷ್ಟ ತೆರೀತೈತಿ, ಅದರಾಗ ಏನೂ ಬರಿಯೂದಿಲ್ಲ. ಆದ್ರ ಬೆಳಿಗ್ಗೆ ಆದದ್ದು ಎಲ್ಯರ ಬೀಳಬೇಕಲ್ಲ, ಈ ಮೂಲ್ಯಾಗ ಬಿದ್ದೈತಿ. ಹತ್ತು ವರ್ಷ ಯಾರೂ ಓದಿಲ್ಲ. ಕೂಡಿಸಿದ ಮ್ಯಾಲ ಅವ್ವಾರಿಗೆ ಇದೂ ನೆನಪಿಗೆ ಬರತೈತಿ. ಒಳಗಿಂದು ನನಗ ಕಾಣೂದಿಲ್ಲ, ಬರೀ ಹಣಿಪಟ್ಟಿ ಕಾಣತೈತಿ. ನೋಡ್ರಿ, ದಿನಾ ಒಂದ."

ಪರದೆಯ ತುಂಬ ಸಾಲುಗಳು. ಎದ್ದದ್ದು, ಸೆರಗು, ಮಾತು, ಮಗ್ಗ. ಎದ್ದದ್ದು, ಸೆರಗು, ಮಾತು, ಮಗ್ಗ. ಕೆಳಗೆ ಎಳೆದಷ್ಟೂ ಅದೇ. ಎಲ್ಲಕ್ಕಿಂತ ಮೇಲೆ ಮೊದಲ ನಾಲ್ಕು ಸಾಲುಗಳಲ್ಲಿ ಮಾತ್ರ ಮಗ್ಗ ಇರಲಿಲ್ಲ. ಮಾತು, ಅಳು. ಮಾತು, ಅಳು.

"ಎಲ್ಲಾರೂ ಅಳಿಸ್ರಿ ಅಂತಾರ," ಎಂದಳು ಮುನೀರಾ, ಕಸ್ತೂರಿಯ ಮುಖ ನೋಡದೆ. "ಎಲ್ಲಾ ಮನ್ಯಾಗೂ ಬೆಳಿಗ್ಗೆ ಒಂದು ಸುಳ್ಳು ಇದ್ದ ಇರತೈತಿ. ನಾ ಕೇಳೂದಿಲ್ಲ. ಮಂಗಳವಾರ ಬರ್ರಿ, ಬರೂಮುಂದ ಹೇಳ್ರಿ."

*

ಆ ದಿನಗಳಲ್ಲಿ ಕಸ್ತೂರಿ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡಕ್ಕೂ ಹಾಸಿನ ಉದ್ದೆಳೆಗಳು ಬೇರೆ ಬೇರೆ. ಅವನ್ನು ಕೂಡಿಸುವಾಗ ಕೊನೆಗೆ ಕೊನೆ ಗಂಟು ಹಾಕುವುದಿಲ್ಲ. ಈ ಎಳೆಯ ಕುಣಿಕೆಯೊಳಗೆ ಆ ಎಳೆಯ ಕುಣಿಕೆ ತೂರಿಸುತ್ತಾರೆ, ಅದೇ ಕೊಂಡಿ. ಒಂದೊಂದೇ ಎಳೆ. ಯಾವುದನ್ನೂ ಕತ್ತರಿಸುವುದಿಲ್ಲ. ಒಂದು ಎಳೆ ತಪ್ಪಿದರೆ ಅದರ ಜೋಡಿ ಸಡಿಲಾಗಿ ನೇತಾಡುತ್ತದೆ, ಸೆರಗಿನ ಕೊನೆಯವರೆಗೂ ಗೆರೆ ಬೀಳುತ್ತದೆ. ಉಟ್ಟವಳಿಗೆ ಕಾಣುವುದಿಲ್ಲ, ಹಿಂದೆ ನಡೆಯುವವರಿಗೆ ಕಾಣುತ್ತದೆ.

ಸಂಜೆ ನೀಲಗಂಗವ್ವ ಎದುರು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅವ್ವಾ, ಮಂಗಳವಾರ ಕೂಡಸ್ತಾರ. ನಿನಗ ಹೆಂಗ ಅನಸ್ತೈತಿ?"

"ಮೊನ್ನೆನ ಹೂಂ ಅಂದೀನಲ್ಲ. ಅಂದಿದ್ನಿಲ್ಲೋ?"

"ಅಂದೀದಿ."

"ಆ ಬೆಳಗಿನಾಕೀನ ನಾ ಒಮ್ಮೆನೂ ನೋಡಿಲ್ಲ ನೋಡ. ಆಕಿ ನೇಯ್ದಿದ್ದು ಉಡತೀನಿ, ಆಕಿ ಕಾಲಿನ ಜೋಮು ನಾ ಅನುಭವಿಸ್ತೀನಿ." ನೀಲಗಂಗವ್ವ ನಕ್ಕಳು. "ಬಾಳ ಬೆರಕಿ ಅದಾಳ. ದಿನಾ ನಾ ಕಟ್ಟಿದ ಗಂಟು ಬಿಚ್ಚಿ ಇಡತಾಳ."

ಮಲಗುವ ಮೊದಲು ನೀಲಗಂಗವ್ವ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದಳು, ಏನನ್ನೋ ಮರೆಯಬಾರದೆಂದು ಹೆಂಗಸರು ಹಾಕಿಕೊಳ್ಳುವ ಹಾಗೆ. ಅವಳಿಗೆ ಓದುಬರಹ ಇರಲಿಲ್ಲ. ಬೆಳಗಿನವಳು ಎದ್ದ ಕೂಡಲೇ ಗಂಟು ಕಂಡು, "ಏನ ನೆನಪಿಡಾಕ ಕಟ್ಟೀನೋ ಏನೋ" ಎಂದು ಬಿಚ್ಚಿಬಿಡುತ್ತಿದ್ದಳು. ಆಮೇಲೆ ದಾಕ್ಷಿಯನ್ನು ಕೇಳುತ್ತಿದ್ದಳು. ಹತ್ತು ವರ್ಷದಲ್ಲಿ ಎಂಟು ಸೀರೆಯ ಸೆರಗು ಆ ಮೂಲೆಯಲ್ಲೇ ಸವೆದಿದ್ದವು.

"ಗಂಟು ಯಾಕ ಕಟ್ಟತಿ ಬೇ?"

"ಅದು ಆಕಿಗೆ ಹೇಳೂದು. ನಿನಗಲ್ಲ."

ಕಸ್ತೂರಿ ಕುಣಿಕೆಯೊಳಗೆ ಕುಣಿಕೆ ತೂರಿಸಿದಳು. ಬೂದು ಚೌಕದ ವಿಷಯ ತಾಯಿಗೆ ಹೇಳಿರಲಿಲ್ಲ. ಅಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ತಾಯಿಗೆ ಹಳೆಯ ಮಗು ಸಿಗುತ್ತದೆ, ಅದರ ಸಾವೂ ಸಿಗುತ್ತದೆ, ನಡುವೆ ನಿಂತು ದಿನವೂ ಸುಳ್ಳಾಡಿದ ಕಸ್ತೂರಿ ಸಿಗುವುದಿಲ್ಲ. ಉಳಿಸಿದರೆ ಮೂರೂವರೆ ಸಾವಿರ ಸಲ ಅದೇ ಮುಖದಿಂದ ಅದೇ ಮಾತು ಹೇಳಿದ ಮಗಳೊಬ್ಬಳು ತಾಯಿಯ ತಲೆಯಲ್ಲಿ ಒಮ್ಮೆಲೇ ಎದ್ದು ನಿಲ್ಲುತ್ತಾಳೆ. ಮತ್ತೆ ತನ್ನ ಒಂದು ಮಾತನ್ನಾದರೂ ತಾಯಿ ನಂಬುವಳೇ ಎಂದು ಯೋಚಿಸಿದಳು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ದಪ್ಪಗಾದ ಚರ್ಮದ ಹಾಗೆ, ಒತ್ತಿದ್ದು ತಿಳಿಯುತ್ತಿತ್ತು, ನೋವು ತಿಳಿಯುತ್ತಿರಲಿಲ್ಲ.

*

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನೀಲಗಂಗವ್ವನನ್ನು ಮಲಗಿಸಿದರು. ಕಿವಿಯ ಹಿಂದಿನಿಂದ ಒಂದು ತಂತಿ ಯಂತ್ರಕ್ಕೆ ಹೋಗಿತ್ತು. ಯಂತ್ರದಿಂದ ಇನ್ನೊಂದು ತಂತಿ ಸೋಪಿನ ಡಬ್ಬಿಯಷ್ಟು ದೊಡ್ಡ ಡಿಸ್ಕಿಗೆ. ಹನ್ನೊಂದರ ಹೊತ್ತಿಗೆ ಹತ್ತು ವರ್ಷದ ಸಂಜೆಗಳು ಆ ಡಬ್ಬಿಯಲ್ಲಿದ್ದವು. ಮುನೀರಾ ತಾಳೆ ನೋಡಿ, ಎಲ್ಲ ಸರಿ ಎಂದಳು. ಕೆಂಪು ಭಾಗ ಅಳಿಸಿದಳು. ಪರದೆಯಲ್ಲಿ ಕಪ್ಪು ಗೆರೆ ಮಾಯವಾಯಿತು; ನೀಲಿಯ ಅಂಚು ಮೆಲ್ಲಗೆ ಆಚೆ ತುದಿಯವರೆಗೂ ಸರಿಯಿತು.

"ಈಗ ಹೇಳ್ರಿ. ಮೂಲಿ ಇಡೂದೋ ಅಳಸೂದೋ?"

ಕಸ್ತೂರಿ ಮಲಗಿದ ತಾಯಿಯ ಸೆರಗು ನೋಡಿದಳು. ನಿನ್ನೆ ರಾತ್ರಿ ಕಟ್ಟಿದ ಗಂಟು ಇಂದು ಬೆಳಿಗ್ಗೆ ಬಿಚ್ಚಿತ್ತು. ಸುಕ್ಕು ಇನ್ನೂ ಹೋಗಿರಲಿಲ್ಲ.

"ಇಡ್ರಿ," ಎಂದಳು. "ಕಟ್ಟಿದ್ದ ಇಟ್ಟು ಬಿಚ್ಚಿದ್ದ ಅಳಿಸಿದ್ರ ಜೋಡಿ ತಪ್ಪತೈತಿ."

ಮುನೀರಾಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದಳು. ತಿರುಗಿ ತುಂಬಲು ಯಂತ್ರದ ಕೀ ಒತ್ತುವ ಮೊದಲು ಹಣೆಗೆ ಬೆರಳು ಒತ್ತಿಕೊಂಡಳು.

"ತಡೀರಿ. ಇಲ್ಲೊಂದು ಗೊಂದಲ ಐತಿ. ಸಂಜೀಕಿಗೆ ತಾರೀಕು ಅದಾವು. ಬೆಳಗಿಗೆ ಎಲ್ಲಾದಕ್ಕೂ ಒಂದ ತಾರೀಕು, ಜ್ವರದ ಮರುದಿನದ್ದು. ಮೊದಲನೇ ಭಾಗದ ಗಡಿಯಾರ ಅಲ್ಲೇ ನಿಂತೈತಿ. ಹಿಂಗ ತುಂಬಿದ್ರ ಬೆಳಗು ಅಷ್ಟೂ ಮೊದಲು, ಅದರ ಬೆನ್ನಿಗೆ ಸಂಜಿ ಅಷ್ಟೂ. ತುದಿಗೆ ತುದಿ. ಒಂದು ಅಕ್ಷರಾನೂ ಹೋಗೂದಿಲ್ಲ, ಅದೇನ ಖರೆ."

"ಹೋಗೂದಿಲ್ಲ, ಆದ್ರ ಹುಚ್ಚ ಹಿಡಿತೈತಿ," ಎಂದಳು ಕಸ್ತೂರಿ. ಅವಳು ಆ ಕೋಣೆಯಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಹತ್ತು ವರ್ಷ ಬರೀ ಬೆಳಗು. ಒಂದರ ಬೆನ್ನಿಗೆ ಒಂದು ದಾಕ್ಷೀನ ಕೇಳಿದ್ದು. ನಡುವ ಉಸಿರು ಬಿಡಾಕ ಒಂದು ಸಂಜಿ ಇಲ್ಲ. ಎಳಿಗೆ ಎಳಿ ಕೂಡಸ್ರಿ ಮೇಡಂ. ಒಂದು ಬೆಳಗು, ಆ ದಿನದ ಸಂಜಿ. ಮರುದಿನದ ಬೆಳಗು, ಅದರ ಸಂಜಿ. ಕೊಂಡಿ ಹಾಕಿದಂಗ."

"ಬೆಳಗಿನ ಕ್ರಮ ತಪ್ಪಿಲ್ಲ, ಒಂದರ ಕೆಳಗ ಒಂದು ಬಿದ್ದಾವು. ಆದ್ರ ಲೆಕ್ಕ ಕೂಡೂದಿಲ್ಲ. ಸಂಜಿ ಮೂರು ಸಾವಿರದ ಆರನೂರಾ ಹನ್ನೆರಡು. ಬೆಳಗು ಹತ್ತೊಂಬತ್ತು ಕಡಿಮಿ. ನಡುವ ಹತ್ತೊಂಬತ್ತು ದಿನ ಮೊದಲನೇ ಭಾಗ ತೆರದಿಲ್ಲ. ಯಾವ ದಿನ ಅಂತ ಗೊತ್ತಾಗಲಿಲ್ಲಂದ್ರ ಅಲ್ಲಿಂದ ಮುಂದ ಎಲ್ಲಾ ಒಂದೊಂದು ದಿನ ಸರೀತೈತಿ."

ಹತ್ತೊಂಬತ್ತು ದಿನ. ತಾಯಿಗೆ ಮೈ ಸರಿಯಿಲ್ಲದೆ ಮಧ್ಯಾಹ್ನದವರೆಗೂ ಮಲಗಿದ ದಿನಗಳು. ಎಚ್ಚರಾಗುವ ಹೊತ್ತಿಗೆ ಹನ್ನೆರಡು ದಾಟಿ, ಬೆಳಗಿನವಳು ಬಾರದೆಯೇ ಹೋದ ದಿನಗಳು. ಕಸ್ತೂರಿ ಕಣ್ಣು ಮುಚ್ಚಿದಳು. ತಾರೀಕುಗಳು ನೆನಪಿರಲಿಲ್ಲ. ಅಂಥ ದಿನ ಸಂಜೆ ತಾಯಿ ಹಾಸಿಗೆಯ ಮೇಲೆ ಕೂತು ಸೆರಗು ತಡವುತ್ತಿದ್ದದ್ದು ಮಾತ್ರ ನೆನಪಾಯಿತು. "ಇವತ್ತ ಆಕಿ ಬಿಚ್ಚೇ ಇಲ್ಲಲ್ಲ!" ಎಂದು ನಕ್ಕು, ಇದ್ದ ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತಿದ್ದಳು.

"ಮೇಡಂ, ಸಂಜೀಕಿನ ಹಣಿಪಟ್ಟಿ ಒಳಗ ಗಂಟು ಅಂತ ಬರತೈತೇನ್ರಿ?"

"ದಿನಾ ಐತಿ. ಊಟ, ಮಾತು, ಗಂಟು."

"ಗಂಟಿನ ಮ್ಯಾಲ ಗಂಟು ಹಾಕಿದ್ದು ಹುಡಕ್ರಿ. ಬಿಚ್ಚೂವಾಕಿ ಬರದ ದಿನ ಅದು."

ಮುನೀರಾ ಹಣೆಪಟ್ಟಿಯ ಜೊತೆಗಿದ್ದ ಬೆರಳಿನ ಒತ್ತಡದ ಗುರುತು, ಗಂಟಿನ ದಪ್ಪ, ಏನೇನೋ ಕೊಟ್ಟು ಹುಡುಕಿದಳು. ಹದಿನೇಳು ಸಿಕ್ಕವು. ಇನ್ನೆರಡನ್ನು ಕಸ್ತೂರಿ ತಾನೇ ನೆನಪಿಸಿಕೊಂಡು ಹೇಳಿದಳು. ಒಂದು, ವಾಂತಿಯಾಗಿ ಸೀರೆ ಬದಲಿಸಿದ ದಿನ. ಗಂಟಿದ್ದ ಸೀರೆ ಬಕೆಟ್ಟಿನಲ್ಲಿ ನೆನೆದಿತ್ತು. ಇನ್ನೊಂದು, ದೂರದೂರಿನಲ್ಲಿ ಸೋದರಮಾವ ತೀರಿಕೊಂಡು, ರಾತ್ರಿ ಹತ್ತಿದ ಬಸ್ಸಿನಲ್ಲೇ ತಾಯಿ ಮಧ್ಯಾಹ್ನದವರೆಗೆ ನಿದ್ದೆಹೋಗಿದ್ದ ದಿನ. ಅಂದು ಗಂಟು ಬಿಚ್ಚಿದವಳು ಕಸ್ತೂರಿಯೇ, ಬಸ್ ಟಿಕೆಟ್ ಅದರಲ್ಲಿದೆಯೇನೋ ಎಂದು. ಎರಡೂ ಸಂಜೆಗಳನ್ನು ಮುನೀರಾ ಹುಡುಕಿ ಗುರುತು ಹಾಕಿದಳು.

"ಎರಡು ತಾಸಿನ ಕೆಲಸ ಐದು ತಾಸು ಆಗತೈತಿ ಈಗ," ಎಂದು ಗೊಣಗಿದಳು. ಆದರೆ ಕುರ್ಚಿ ಎಳೆದುಕೊಂಡು ಕೂತೇ ಇದ್ದಳು. ಪರದೆಯ ಮೇಲೆ ಒಂದು ಬೆಳಗು, ಒಂದು ಸಂಜೆ, ಒಂದು ಬೆಳಗು, ಒಂದು ಸಂಜೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದವು.

ಸಂಜೆ ಆರಕ್ಕೆ ನೀಲಗಂಗವ್ವ ಕಣ್ಣು ಬಿಟ್ಟಳು. ಯಾರ ಮುಖವನ್ನೂ ನೋಡಲಿಲ್ಲ. ನೀರು ಕೊಟ್ಟರೆ ಕುಡಿದಳು. ಹೆಸರು ಕೇಳಿದರೆ ಹೇಳಿದಳು. ಇಳಕಲ್ಲಿನವರೆಗೂ ಬಸ್ಸಿನ ಕಿಟಕಿಯ ಕಂಬಿ ಹಿಡಿದು ಕೂತಿದ್ದಳು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗಂಟು ಕಟ್ಟಲಿಲ್ಲ. ಕಸ್ತೂರಿ ಕನ್ನಡಿ ಇಳಿಸಲಿಲ್ಲ.

*

ಮರುದಿನ ಆರು ಹತ್ತು.

ನೀಲಗಂಗವ್ವ ಹಾಸಿಗೆಯ ಮೇಲೆ ಎದ್ದು ಕೂತಳು. ಕೈ ಸೆರಗಿನ ತುದಿಗೆ ಹೋಗಿ ಖಾಲಿ ಬಟ್ಟೆ ಹಿಡಿದುಕೊಂಡಿತು. ಕನ್ನಡಿಯಲ್ಲಿ ತನ್ನ ನರೆತ ತಲೆ ನೋಡಿದಳು. ಆಮೇಲೆ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತ ಇಪ್ಪತ್ತೇಳರ ಮಗಳನ್ನು ನೋಡಿದಳು. ದಾಕ್ಷಿ ಎದ್ದಳೇ ಎಂದು ಕೇಳಲಿಲ್ಲ.

ಕಸ್ತೂರಿಯ ನಾಲಿಗೆಯ ಮೇಲೆ 'ಸಾಲಿಗೆ ಹೋಗ್ಯಾಳ' ಸಿದ್ಧವಾಗಿ ಬಂದು ನಿಂತಿತ್ತು. ಕೇಳುವವರಿಲ್ಲದೆ ಅಲ್ಲೇ ಉಳಿಯಿತು.

"ಗಂಟು ಯಾಕ ಕಟ್ಟತಿ ಅಂತ ಕೇಳಿದ್ದಿ," ಎಂದಳು ನೀಲಗಂಗವ್ವ.

"ಹೂಂ."

"ಬೆಳಿಗ್ಗೆ ಎದ್ದು ದಾಕ್ಷೀನ ಕೇಳಬ್ಯಾಡ, ಅಂತ. ಕೇಳಿದ್ರ ಕಸ್ತೂರಿ ಏನರ ಒಂದು ಹೇಳಬೇಕಾಗತೈತಿ, ಅಂತ." ಅವಳು ಸೆರಗಿನ ಸವೆದ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಬೆಳಗಿನಾಕಿಗೆ ದಾಕ್ಷಿ ಹೋದದ್ದು ಗೊತ್ತಿಲ್ಲಂತ ಗೊತ್ತಿತ್ತು, ನೀ ಏನ ಹೇಳತಿದ್ದಿ ಅನ್ನೂದು ಗೊತ್ತಿರಲಿಲ್ಲ. ಆದ್ರ ಮಧ್ಯಾಹ್ನ ಎಬ್ಬಸಾಕ ಬಂದಾಗ ನಿನ್ನ ಮಾರಿ ನೋಡತಿದ್ನಲ್ಲ. ಎಷ್ಟ ಬಿಗಿದು ಕಟ್ಟಿದ್ರೂ ಆ ಸುಡಗಾಡ ಹೆಂಗಸು ಬಿಚ್ಚೇ ಬಿಡತಿದ್ಲು."

ಕಸ್ತೂರಿ ಪಾತ್ರೆ ಕೆಳಗಿಟ್ಟಳು. ಹೊಸ್ತಿಲ ಮೇಲೆ ಕೂತಳು.

"ಮೊದಲಿನ ನಾಕ ದಿನ ಖರೆ ಹೇಳಿದಿ. ಅದೂ ಬಂತು ನೆನಪಿಗೆ," ಎಂದಳು ತಾಯಿ. "ಆಮ್ಯಾಲಿಂದೂ ಬಂತು. ಅಷ್ಟ ಸರ್ತಿ ಆಕೀನ ಸಾಲಿಗೆ ಕಳಿಸೀದಿ. ಒಮ್ಮೆರ ಮನಿಗೆ ಕರಕೊಂಡ ಬಾ."

ಹೊರಗೆ ಯಾರದೋ ಮಗ್ಗ ಸದ್ದು ಮಾಡತೊಡಗಿತು.

"ಕಡೀ ದಿನ ಸಾಲಿಯಿಂದ ಎಷ್ಟೊತ್ತಿಗೆ ಬಂದ್ಲು?"

"ನಾಕೂವರಿಗೆ," ಎಂದಳು ಕಸ್ತೂರಿ. ದನಿ ಬೇರೆ ಯಾರದೋ ಹಾಗಿತ್ತು. "ಪಾಟೀಚೀಲ ಮಗ್ಗದ ಮ್ಯಾಲ ಒಗದ್ಲು. ನೂಲು ಹರೀತು. ನೀ ಬೈದಿ."

"ಬೈದ್ನಿ. ತಲಿ ನೋಯ್ತೈತಿ ಅಂದ್ಲು. ಕಳ್ಳಾಟ ಆಡತಾಳ ಅಂದ್ಕೊಂಡ್ನಿ." ನೀಲಗಂಗವ್ವನ ಕಣ್ಣು ತುಂಬಿ ಹರಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. "ದೀಪಾ ಹಚ್ಚೂ ಹೊತ್ತಿಗೆ ನನಗೂ ಮೈ ಸುಡಾಕ ಹತ್ತಿತ್ತು. ಅಲ್ಲೀತನಕ ಐತಿ ನನ್ನ ಹಂತ್ಯಾಕ. ಆಮ್ಯಾಲ?"

ಆಮೇಲಿನ ಎರಡು ದಿನ, ದಾಕ್ಷಿ ಹೋಗುವವರೆಗಿನದು, ನೀಲಗಂಗವ್ವನ ಯಾವ ಭಾಗದಲ್ಲೂ ಇರಲಿಲ್ಲ. ಅದು ಯಾವ ಗುಂಡಿಯೂ ಇಲ್ಲದ ಕಸ್ತೂರಿಯ ತಲೆಯೊಳಗಿತ್ತು, ಹತ್ತು ವರ್ಷ ಯಾರೂ ತೆರೆಯದೆ.

ಅವಳು ಹೊಸ್ತಿಲಿನಿಂದ ಎದ್ದು ಬಂದು ತಾಯಿಯ ಎದುರು, ಕೊಂಡಿ ಹಾಕಲು ಇಬ್ಬರು ಕೂರುವ ಹಾಗೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು.

"ಆಮ್ಯಾಲ ಆಕಿ ನೀರು ಕೇಳಿದ್ಲು," ಎಂದಳು.